ಪಹಣಿಗೆ ಪೌತಿ ಇದೆ, ಫೋನಿಗೆ ಏನಿದೆ?

ಸಂಪಾದಕರಿಗೆ,

ಮಾನ್ಯರೇ,

ತೀರಿಹೋದವರ ಹೆಸರಿನಲ್ಲೇ ಉಳಿದಿರುವ ಜಮೀನುಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ಕಂದಾಯ ಇಲಾಖೆ ಇ-ಪೌತಿ ಅಭಿಯಾನವನ್ನು ಕೈಗೊಂಡಿರುವುದು ಸ್ವಾಗತಾರ್ಹ. ಅಜ್ಜನ ಕಾಲಕ್ಕೆ ಆಗಬೇಕಿದ್ದ ಖಾತೆ ಬದಲಾವಣೆ ಮೊಮ್ಮಕ್ಕಳ ಕಾಲಕ್ಕೂ ಆಗದೆ, ಬೆಳೆ ಪರಿಹಾರಕ್ಕೂ ಸಾಲಕ್ಕೂ ತೊಡಕಾಗಿ ನಿಂತ ಮನೆಗಳು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಊರೂರಿಗೂ ಸಿಗುತ್ತವೆ. ಆದರೆ ಕಲಬುರಗಿಯಲ್ಲಿ ಪತ್ರ ಬರಹಗಾರನಾಗಿ ವಂಶಾವಳಿ, ಅಫಿಡವಿಟ್, ಹಕ್ಕು ಬಿಡುಗಡೆ ಪತ್ರ, ಮೃತ್ಯುಪತ್ರಗಳನ್ನು ಬರೆದುಕೊಂಡೇ ಬದುಕಿದ ನನಗೆ ಈಚೆಗೆ ಎದುರಾಗುತ್ತಿರುವ ತೊಡಕು ಪಹಣಿಯದ್ದಲ್ಲ. ಮರಣ ಪ್ರಮಾಣಪತ್ರದ ಪ್ರತಿ ಹಿಡಿದು ಬರುವ ಮನೆಯವರು ಹೊಲದ ಸರ್ವೆ ನಂಬರು, ಎಕರೆ, ಗುಂಟೆ ಎಲ್ಲವನ್ನೂ ಬಾಯಿಪಾಠ ಒಪ್ಪಿಸುತ್ತಾರೆ. ತೀರಿಹೋದವರ ಹಣ, ವಿಮೆ, ವ್ಯವಹಾರದ ಲೆಕ್ಕ ಯಾವ ಆ್ಯಪ್‌ನಲ್ಲಿ ಇತ್ತು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಜೇಬಿನಿಂದ ಒಂದು ಫೋನು ತೆಗೆದು ಮೇಜಿನ ಮೇಲಿಡುತ್ತಾರೆ. ಅದರ ಲಾಕ್ ತೆಗೆಯುವುದು ಹೇಗೆಂದು ಅವರಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಡಿಜಿಟಲ್ ಆಸ್ತಿ ಎಂದ ಕೂಡಲೇ ಇದು ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯ ಅಥವಾ ಕ್ರಿಪ್ಟೊ ಕೊಂಡವರ ಚಿಂತೆ ಎಂದು ನಮ್ಮ ಕಡೆಯ ಜನ ತಳ್ಳಿಹಾಕುತ್ತಾರೆ. ವಾಸ್ತವ ಬೇರೆ ಇದೆ. ನಮ್ಮ ಹಳ್ಳಿಯ ಸಾಧಾರಣ ಮನೆಯಲ್ಲಿ ಒಂದೇ ಮೊಬೈಲ್ ನಂಬರು ಇಡೀ ಮನೆಗೆ ಆಗುತ್ತದೆ. ಸಿಮ್ ಗಂಡನ ಹೆಸರಿನಲ್ಲಿ ಇರುತ್ತದೆ. ಹೆಂಡತಿಯ ಗೃಹಲಕ್ಷ್ಮಿ ಹಣ ಬರುವ ಬ್ಯಾಂಕ್ ಖಾತೆಗೂ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗೂ, ಪಿಎಂ ಕಿಸಾನ್ ಕಂತಿಗೂ, ತೊಗರಿ ಬೆಂಬಲ ಬೆಲೆಗೆ ನೋಂದಣಿ ಮಾಡಿಸುವಾಗಲೂ ಕೊಟ್ಟಿರುವುದು ಅದೇ ಹತ್ತು ಅಂಕಿ. ಗಂಡ ಸತ್ತರೆ ಅವನ ಖಾತೆ ಮಾತ್ರ ನಿಲ್ಲುವುದಿಲ್ಲ, ಬದುಕಿರುವ ಹೆಂಡತಿಯ ಖಾತೆಗೆ ಬರಬೇಕಾದ ಓಟಿಪಿಯೂ ನಿಲ್ಲುತ್ತದೆ. ಅಂದರೆ ಸತ್ತವನ ನಂಬರು ಬದುಕಿರುವ ನಾಲ್ಕೈದು ಮಂದಿಯ ಬೀಗದ ಕೈ. ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಈ ಬೀಗದ ಕೈಯ ಸಲುವಾಗಿ. ಹಣವನ್ನು ಕೈಬದಲಿಸುವ ಕಾನೂನು ನಮ್ಮಲ್ಲಿ ತಕ್ಕಮಟ್ಟಿಗೆ ಇದೆ, ಈಚಿನ ವರ್ಷಗಳಲ್ಲಿ ಸುಧಾರಿಸಿಯೂ ಇದೆ. ಹಣದ ಹತ್ತಿರ ಹೋಗುವ ದಾರಿಯಾದ ಫೋನು ಮತ್ತು ನಂಬರಿನ ಬಗ್ಗೆ ಮನೆಯವರಿಗಾಗಲಿ, ಕಚೇರಿಗಳಿಗಾಗಲಿ ಯಾವ ಪದ್ಧತಿಯೂ ಇಲ್ಲ.

ಮಣ್ಣು ಮಾಡಿ ಬಂದ ಮನೆಯಲ್ಲಿ ರೀಚಾರ್ಜ್ ಬಗ್ಗೆ ಯೋಚಿಸುವವರು ಯಾರಿದ್ದಾರೆ? ಪ್ರಿಪೇಯ್ಡ್ ಸಿಮ್ ಸತತ 90 ದಿನ ಬಳಕೆಯಾಗದೆ ಇದ್ದರೆ ಕಂಪನಿ ಅದನ್ನು ಸ್ಥಗಿತಗೊಳಿಸಬಹುದು. ಸ್ಥಗಿತಗೊಳಿಸಿದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಆ ಮೇಲೆ ಕೊಡಬಹುದು, ಕೊಡುತ್ತಾರೆ ಕೂಡ. ನಮ್ಮ ಸರ್ಕಾರಿ ಕೆಲಸಗಳ ವೇಗದಲ್ಲಿ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ದೃಢೀಕರಣ, ಬ್ಯಾಂಕಿನ ಅರ್ಜಿ ಇವೆಲ್ಲ ಒಂದು ಹಂತಕ್ಕೆ ಬರುವ ಹೊತ್ತಿಗೆ ಆ ನಂಬರು ಇನ್ನಾವುದೋ ಊರಿನ ಅಪರಿಚಿತನ ಕೈಯಲ್ಲಿರುತ್ತದೆ, ತೀರಿಹೋದವನ ಬ್ಯಾಂಕ್ ಸಂದೇಶಗಳೂ ಓಟಿಪಿಯೂ ಅವನಿಗೆ ಹೋಗುತ್ತವೆ. ಅವನು ಒಳ್ಳೆಯವನಾಗಿದ್ದರೆ ಮನೆಯವರ ಅದೃಷ್ಟ. ವಾಟ್ಸ್ಆ್ಯಪ್ ಖಾತೆ ಸಾಮಾನ್ಯವಾಗಿ 120 ದಿನ ಬಳಕೆಯಾಗದಿದ್ದರೆ ಅಳಿದುಹೋಗುತ್ತದೆ. ಮೃತರ ಸಿಮ್ಮನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಡುವ ವ್ಯವಸ್ಥೆ ಟೆಲಿಕಾಂ ಕಂಪನಿಗಳಲ್ಲಿ ಇದೆ. ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ಗುರುತಿನ ದಾಖಲೆ ಕೇಳುತ್ತಾರೆ. ಇದನ್ನು ತಿಳಿದು ಬರುವ ಒಂದು ಕುಟುಂಬವನ್ನೂ ನಾನು ಕಂಡಿಲ್ಲ. ಬದಲಿಗೆ, ಹಳೆಯ ಸಿಮ್ ತೆಗೆದು ಎಸೆದು ಅದೇ ಫೋನಿಗೆ ಮಗ ತನ್ನ ಸಿಮ್ ಹಾಕಿಕೊಂಡಿರುವುದನ್ನೇ ಕಾಣುತ್ತೇನೆ. ಫೋನಿನ ಬೆಲೆ ಅವರಿಗೆ ಗೊತ್ತು, ಸಿಮ್ಮಿನ ಬೆಲೆ ಗೊತ್ತಿಲ್ಲ.

ಗುಳೆ ಹೋದವರ ವಿಷಯದಲ್ಲಿ ಇದು ಇನ್ನೂ ಕಠಿಣ. ಯಾದಗಿರಿ, ಸುರಪುರ, ಚಿತ್ತಾಪುರ, ಆಳಂದ ಕಡೆಯಿಂದ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದವರು ಅಲ್ಲಿಯೇ ತೀರಿಕೊಂಡರೆ ಊರಿಗೆ ಬರುವುದು ದೇಹ ಮತ್ತು ಒಂದು ಫೋನು. ಆ ಹುಡುಗ ಯಾವುದೋ ಸೆಕ್ಯುರಿಟಿ ಏಜೆನ್ಸಿಯಲ್ಲೋ ಕಾರ್ಖಾನೆಯಲ್ಲೋ ಕೆಲವು ವರ್ಷ ದುಡಿದಿದ್ದರೆ ಅವನ ಹೆಸರಿನಲ್ಲಿ ಭವಿಷ್ಯನಿಧಿ ಖಾತೆ ಇರುತ್ತದೆ. ಕೆಲಸದಲ್ಲಿರುವಾಗಲೇ ಮರಣ ಹೊಂದಿದವರ ಕುಟುಂಬಕ್ಕೆ ಭವಿಷ್ಯನಿಧಿಗೆ ಸೇರಿದ ಇಡಿಎಲ್‌ಐ ವಿಮೆಯಿಂದ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಬರಲು ಅವಕಾಶವಿದೆ, ಅದಕ್ಕಾಗಿ ಕಾರ್ಮಿಕ ಒಂದು ಪೈಸೆ ಕಂತನ್ನೂ ಕಟ್ಟಿರುವುದಿಲ್ಲ. ಆದರೆ ಭವಿಷ್ಯನಿಧಿ ಖಾತೆಯ ಗುರುತಿನ ಸಂಖ್ಯೆಯಾದ ಯುಎಎನ್ ಎಲ್ಲಿದೆ? ಫೋನಿನ ಒಳಗೆ. ಆನ್‌ಲೈನಿನಲ್ಲಿ ನಾಮಿನಿಯ ಹೆಸರು ಕೊಡುವ ಇ-ನಾಮಿನೇಷನ್ ಮಾಡಿದ್ದಾನೆಯೇ? ಮಾಡಿದ್ದರೆ ಅದೂ ಆಧಾರ್‌ಗೆ ಜೋಡಿಸಿದ ನಂಬರಿಗೆ ಬಂದ ಓಟಿಪಿಯಿಂದಲೇ ಆಗಿರುತ್ತದೆ, ಮನೆಯವರ ಕಿವಿಗೆ ಬಿದ್ದಿರುವುದಿಲ್ಲ.

ಇಂಥವರಿಗೆ ನಾನು ಮೊದಲು ಹೇಳುವುದು, ಊರಿನ ಬ್ಯಾಂಕ್ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿಕೊಂಡು ಬನ್ನಿ ಎಂದು. ಪ್ರಿಂಟರು ಕಿರಗುಟ್ಟಿ ಹೊರಗೆ ದೂಡಿದ ಆ ಮಸುಕು ಸಾಲುಗಳಲ್ಲಿ ಬೆರಳಿಟ್ಟು ಹುಡುಕಬೇಕಾದ ಅಂಕಿಗಳು ಎರಡು. ಒಂದು 436, ಇನ್ನೊಂದು 20. ಮೇ ತಿಂಗಳ ಕೊನೆಯ ಹೊತ್ತಿಗೆ ಖಾತೆಯಿಂದ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 20 ರೂಪಾಯಿ ಆಗಿದ್ದರೆ ಸುರಕ್ಷಾ ವಿಮೆ. ಮೊದಲನೆಯದರಲ್ಲಿ ಮರಣಕ್ಕೆ 2 ಲಕ್ಷ, ಎರಡನೆಯದರಲ್ಲಿ ಅಪಘಾತದ ಮರಣಕ್ಕೆ 2 ಲಕ್ಷ. ಖಾತೆ ತೆರೆಯುವಾಗ ಬ್ಯಾಂಕ್ ಮಿತ್ರ ಎಲ್ಲಿ ಸಹಿ ಹಾಕೆಂದನೋ ಅಲ್ಲಿ ಹಾಕಿದವರೇ ಹೆಚ್ಚು. ವಿಮೆ ಇತ್ತೆಂಬುದು ಸತ್ತವನಿಗೂ ನೆನಪಿರಲಿಲ್ಲವೇನೋ. ಪಾಸ್‌ಬುಕ್ ಎಂಬ ಕಾಗದ ಇರುವವರೆಗೆ ಈ ಸುಳಿವಾದರೂ ಸಿಗುತ್ತದೆ. ಈಗ ಆ್ಯಪ್‌ನಲ್ಲೇ ಖಾತೆ ತೆರೆದು, ಆ್ಯಪ್‌ನಲ್ಲೇ ಸ್ಟೇಟ್‌ಮೆಂಟ್ ನೋಡುವ ಹುಡುಗರ ಮನೆಯವರಿಗೆ ಅದೂ ಇಲ್ಲ.

ಪೇಟೆಯ ಕಥೆ ಇನ್ನೊಂದು ಬಗೆಯದು. ತಂದೆ ತೀರಿಕೊಂಡ ಮೇಲೆ ಮಗ ಅಂಗಡಿಯ ಬಾಗಿಲು ತೆರೆದು ಕುಳಿತ ಒಂದು ಕಿರಾಣಿ ಅಂಗಡಿಯಲ್ಲಿ ನಾನೇ ಕಂಡದ್ದು: ಗಿರಾಕಿ ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ, ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿ ಇಷ್ಟು ರೂಪಾಯಿ ಬಂತು ಎಂದು ಕೂಗಿತು, ಹಣ ಹೋದದ್ದು ತೀರಿಹೋದ ತಂದೆಯ ಖಾತೆಗೆ. ಆ ಹಣದಲ್ಲಿ ಮಾಲು ತರಿಸಬೇಕಾದರೆ ತಂದೆಯ ಯುಪಿಐ ಪಿನ್ ಒತ್ತಬೇಕು. ಮಗನಿಗೆ ಪಿನ್ ಗೊತ್ತಿತ್ತು, ಒತ್ತುತ್ತಿದ್ದ. ನಮ್ಮ ಕಡೆ ಹೆಚ್ಚಿನವರು ಹೀಗೇ ಮಾಡುತ್ತಾರೆ, ಅದರಲ್ಲಿ ಮೋಸದ ಯೋಚನೆ ಇರುವುದಿಲ್ಲ. ಮಣ್ಣಿನ ಖರ್ಚು, ಆಸ್ಪತ್ರೆಯ ಬಾಕಿ, ದಿನಕರ್ಮದ ಊಟ ಎಲ್ಲಕ್ಕೂ ಹಣ ಬೇಕು. ಆದರೆ ಖಾತೆದಾರ ಸತ್ತ ಕ್ಷಣದಿಂದ ಆ ಹಣ ಎಲ್ಲ ವಾರಸುದಾರರದ್ದು. ಕೆಲವು ತಿಂಗಳ ಮೇಲೆ ಅಕ್ಕನೋ ತಂಗಿಯೋ ತನ್ನ ಪಾಲು ಕೇಳಿ ಸ್ಟೇಟ್‌ಮೆಂಟ್ ತೆಗೆಸಿದಾಗ, ಮರಣದ ದಿನಾಂಕದ ನಂತರ ನಡೆದ ಪ್ರತಿ ವ್ಯವಹಾರವೂ ಸಮಯದ ಸಮೇತ ಸಾಲಾಗಿ ನಿಂತಿರುತ್ತದೆ. ಹಿಂದೆ ಪೆಟ್ಟಿಗೆಯಲ್ಲಿದ್ದ ನಗದನ್ನು ಯಾರು ತೆಗೆದರೆಂದು ಯಾರೂ ಸಾಬೀತು ಮಾಡಲಾರದೆ ಜಗಳ ಅಲ್ಲಿಗೇ ತಣ್ಣಗಾಗುತ್ತಿತ್ತು. ಈಗ ಸಾಕ್ಷಿ ಬ್ಯಾಂಕಿನಲ್ಲೇ ಇದೆ. ಅಣ್ಣ ತಂಗಿಯರ ನಡುವೆ ಇಂಥ ಒಂದು ಹಾಳೆ ಹಾಕಿದ ಬಿರುಕು ನ್ಯಾಯಾಲಯದವರೆಗೆ ಹೋದದ್ದನ್ನೂ ಕಂಡಿದ್ದೇನೆ.

ನಾಮಿನಿ ಎಂದರೆ ಒಡೆಯ ಎಂಬ ನಂಬಿಕೆಯೂ ಈ ಜಗಳಗಳಿಗೆ ಕಾರಣ. ಬ್ಯಾಂಕು ನಾಮಿನಿಯ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳುತ್ತದೆ. ಪಡೆದವನು ಅದನ್ನು ವಾರಸುದಾರರ ಪರವಾಗಿ ಹಿಡಿದುಕೊಂಡವನು ಮಾತ್ರ. ಷೇರುಗಳ ವಿಷಯದಲ್ಲಿಯೂ ನಾಮಿನಿ ಸಂಪೂರ್ಣ ಒಡೆಯನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹಾಗೆಂದು ನಾಮಿನಿ ಹೆಸರು ಬರೆಸುವುದು ವ್ಯರ್ಥವಲ್ಲ, ಅದಿಲ್ಲದಿದ್ದರೆ ಹಣ ಹೊರಗೆ ಬರುವುದೇ ಕಷ್ಟ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು, ಯಾರಿಗೆ ಎಷ್ಟು ಪಾಲು ಎಂಬುದರ ಸಮೇತ, ಬರೆಸಬಹುದು. ಮೃತರ ಖಾತೆಯ ಕ್ಲೇಮನ್ನು ಎಲ್ಲ ದಾಖಲೆ ಕೈಸೇರಿದ 15 ದಿನದೊಳಗೆ ಇತ್ಯರ್ಥಪಡಿಸಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿ, 2026ರ ಮಾರ್ಚ್ 31ರೊಳಗೆ ಜಾರಿಗೆ ತರಲು ಬ್ಯಾಂಕುಗಳಿಗೆ ಗಡುವು ಕೊಟ್ಟಿತು. ನಾಮಿನಿ ಇಲ್ಲದ ಖಾತೆಯಲ್ಲಿಯೂ, ತಕರಾರು ಇಲ್ಲದಿದ್ದರೆ, ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷ ರೂಪಾಯಿವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಉತ್ತರಾಧಿಕಾರ ಪ್ರಮಾಣಪತ್ರ ಕೇಳದೆ ಸರಳ ಕ್ರಮದಲ್ಲಿ ಕೊಡಬೇಕೆಂಬುದು ಅದರಲ್ಲಿದೆ. ಇದನ್ನು ತಿಳಿಯದ ಮನೆಯವರು ಇಂದಿಗೂ ಚಿಕ್ಕ ಮೊತ್ತಕ್ಕಾಗಿ ಸಿವಿಲ್ ಕೋರ್ಟಿಗೆ ಅಲೆಯಲು ತಯಾರಾಗಿ ಬರುತ್ತಾರೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಹಕ್ಕು ಅಳಿಯುವುದಿಲ್ಲ, 2023ರಲ್ಲಿ ಆರಂಭವಾದ ಉದ್ಗಮ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು.

ಸಾವಿಗಾದರೂ ಒಂದು ಪ್ರಮಾಣಪತ್ರ ಇದೆ. ಲಕ್ವಾ ಹೊಡೆದು ಮಾತು ನಿಂತವರಿಗೆ, ಅಪಘಾತವಾಗಿ ಕೋಮಾದಲ್ಲಿ ಮಲಗಿದವರಿಗೆ ಏನಿದೆ? ನಗರದ ಒಂದು ಆಸ್ಪತ್ರೆಯ ಐಸಿಯು ಹೊರಗೆ, ಒಳಗೆ ಹೋಗಲು ಸಿಕ್ಕ ಐದು ನಿಮಿಷದಲ್ಲಿ ಅಪ್ಪನ ಹೆಬ್ಬೆರಳನ್ನು ಫೋನಿಗೆ ಒತ್ತಿಸಿ ತರುವಂತೆ ತಮ್ಮನಿಗೆ ಅಣ್ಣ ಹೇಳುತ್ತಿದ್ದುದನ್ನು ಕೇಳಿಸಿಕೊಂಡಿದ್ದೇನೆ. ಬೆರಳು ಒತ್ತಿದರೂ ಆಗಲಿಲ್ಲ, ಏಕೆಂದರೆ ಬ್ಯಾಟರಿ ಮುಗಿದು ಒಮ್ಮೆ ಆಫ್ ಆಗಿ ಆನ್ ಆದ ಫೋನು ಪಿನ್ ಹಾಕುವವರೆಗೆ ಬೆರಳನ್ನು ಒಪ್ಪುವುದಿಲ್ಲ. ಆ ಮಕ್ಕಳನ್ನು ನಾನು ದೂರಲಾರೆ. ಆಸ್ಪತ್ರೆ ಮುಂಗಡ ಕೇಳಿತ್ತು, ಹಣ ಅಪ್ಪನ ಖಾತೆಯಲ್ಲಿತ್ತು.

ಇಂಥ ಹೊತ್ತಿಗೆ ಜನ ನನ್ನ ಹತ್ತಿರ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ, ಮಾಡಿಸಲು ಬರುತ್ತಾರೆ. ಪ್ರಜ್ಞೆ ಇಲ್ಲದವರಿಂದ ಜಿಪಿಎ ಮಾಡಿಸುವುದು ಸಾಧ್ಯವಿಲ್ಲ. ಮೊದಲೇ ಮಾಡಿಸಿಟ್ಟದ್ದಿದ್ದರೂ, 1872ರ ಕರಾರು ಕಾಯ್ದೆಯ 201ನೆಯ ಕಲಮಿನ ಪ್ರಕಾರ, ಬರೆದುಕೊಟ್ಟವರು ತೀರಿಕೊಂಡರೆ ಅಥವಾ ಬುದ್ಧಿ ಸ್ವಾಧೀನದಲ್ಲಿ ಇಲ್ಲವಾದರೆ ಆ ಅಧಿಕಾರ ಕೊನೆಗೊಳ್ಳುತ್ತದೆ. ಅಂದರೆ ಅದು ಬೇಕಾಗುವ ಹೊತ್ತಿಗೇ ಕೈಕೊಡುತ್ತದೆ. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸಲು ನೇರವಾದ ಕಾಯ್ದೆ ಇಲ್ಲದ್ದರಿಂದ ಕುಟುಂಬಗಳು ರಿಟ್ ಅರ್ಜಿಯ ಮೂಲಕ ಹೈಕೋರ್ಟಿಗೆ ಹೋಗಬೇಕಾಗಿದೆ. ಕೇರಳ ಹೈಕೋರ್ಟ್ 2019ರಲ್ಲಿ ಇದಕ್ಕೆ ಮಾರ್ಗಸೂಚಿಗಳನ್ನು ರೂಪಿಸಿತು. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ನಮ್ಮ ಕಲಬುರಗಿಯಲ್ಲೇ ಇರುವುದರಿಂದ ಬೆಂಗಳೂರಿಗೆ ಓಡುವ ಕಷ್ಟವೇನೋ ತಪ್ಪಿದೆ. ಆದರೆ ಔರಾದಿನ ಅಥವಾ ಹುಣಸಗಿಯ ಒಬ್ಬ ಕೂಲಿಕಾರನ ಹೆಂಡತಿ, ಗಂಡನ ಖಾತೆಯಲ್ಲಿರುವ ನಲವತ್ತು ಸಾವಿರಕ್ಕೆ ಹೈಕೋರ್ಟಿನ ವಕೀಲರನ್ನು ಹಿಡಿಯಬೇಕು ಎನ್ನುವುದು ನ್ಯಾಯದ ಮಾತಲ್ಲ. ಕಾಗದದ ಕಾಲದ ನಿಯಮಕ್ಕೆ ಈ ಕನಿಕರ ಇತ್ತು: ಸಹಿ ಹಾಕಲಾಗದ ರೋಗಿಯ ಹೆಬ್ಬೆಟ್ಟನ್ನು, ಕೈಯೂ ಆಗದಿದ್ದರೆ ಕಾಲ್ಬೆರಳಿನ ಗುರುತನ್ನು, ಬ್ಯಾಂಕಿನ ಹೊಣೆಗಾರ ಅಧಿಕಾರಿಯೂ ಸೇರಿ ಇಬ್ಬರು ಸಾಕ್ಷಿಗಳ ಮುಂದೆ ಪಡೆದು ಹಣ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ, ಅದು ಈಗಲೂ ನಡೆಯುತ್ತದೆ. ಮನೆಯವರು ಮ್ಯಾನೇಜರ್ ಮುಂದೆ ನಿಂತು ಇದನ್ನು ಕೇಳಬೇಕು. ಅದಕ್ಕಿಂತ ಸುಲಭವಾದದ್ದು, ಆರೋಗ್ಯವಾಗಿ ಇರುವಾಗಲೇ ಗಂಡ ಹೆಂಡತಿ ಒಂದು ಜಂಟಿ ಖಾತೆ ಮಾಡಿಕೊಂಡು, ಇಬ್ಬರಲ್ಲಿ ಯಾರು ಬೇಕಾದರೂ ಅಥವಾ ಉಳಿದವರು ನಡೆಸಬಹುದು ಎಂದು ಬರೆಸಿ, ಇಬ್ಬರ ನಂಬರನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದು. ಹೆಂಡತಿಗೆ ಅವಳದೇ ಹೆಸರಿನ ಸಿಮ್ ಇರಬೇಕು ಎಂಬುದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಹಣವಲ್ಲದ ಆಸ್ತಿಯ ಬಗ್ಗೆಯೂ ಹೇಳಬೇಕು. ಮಗಳ ಮದುವೆಯ ಫೋಟೋಗಳು, ತಾಯಿ ಹಾಡಿದ ತತ್ವಪದದ ದನಿಮುದ್ರಣ, ಊರ ಜಾತ್ರೆಯ ವಿಡಿಯೋ ಇವೆಲ್ಲ ಈಗ ಗೂಗಲ್ ಖಾತೆಯಲ್ಲಿವೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಆದರೆ ಅದೇ ಕಂಪನಿ 2013ರಿಂದಲೇ, ಖಾತೆ ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕು, ಯಾವ ಯಾವ ದತ್ತಾಂಶ ಕೊಡಬೇಕು ಎಂದು ಬದುಕಿರುವಾಗಲೇ ಸೂಚಿಸಿಡುವ ಸೌಲಭ್ಯವನ್ನೂ ಇಟ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ಹತ್ತು ಮಂದಿಯವರೆಗೆ ಹೆಸರು ಕೊಡಬಹುದು, ಮೂರು ತಿಂಗಳಿಂದ ಹದಿನೆಂಟು ತಿಂಗಳವರೆಗೆ ಅವಧಿ ಗೊತ್ತುಮಾಡಬಹುದು. ಆ್ಯಪಲ್ ಫೋನಿನಲ್ಲಿ ಐವರವರೆಗೆ ಹೆಸರಿಸಬಹುದು, ಅವರು ಮೊದಲೇ ಪಡೆದಿಟ್ಟ ಕೀಲಿ ಸಂಖ್ಯೆ ಮತ್ತು ಮರಣ ಪ್ರಮಾಣಪತ್ರ ಕೊಟ್ಟರೆ ದತ್ತಾಂಶ ಸಿಗುತ್ತದೆ, ಪಾಸ್‌ವರ್ಡುಗಳು ಸಿಗುವುದಿಲ್ಲ. ಫೇಸ್‌ಬುಕ್‌ನಲ್ಲಿ ಒಬ್ಬರನ್ನು ಹೆಸರಿಸಬಹುದು. ಅವರು ಸ್ಮರಣೆಯ ಪುಟವನ್ನು ನೋಡಿಕೊಳ್ಳುತ್ತಾರೆಯೇ ಹೊರತು ಮೃತರ ಖಾಸಗಿ ಸಂದೇಶ ಓದಲಾಗುವುದಿಲ್ಲ. ಇದಕ್ಕೆ ಖರ್ಚಿಲ್ಲ, ಓಡಾಟವಿಲ್ಲ, ಸಂಜೆ ಚಹಾ ಕುಡಿಯುವಷ್ಟು ಹೊತ್ತು ಸಾಕು. ಕ್ರಿಪ್ಟೊ ಇಟ್ಟುಕೊಂಡ ಹುಡುಗರ ಬಗ್ಗೆ ಒಂದೇ ಮಾತು: ಸ್ವಂತ ವ್ಯಾಲೆಟ್‌ಗೆ ಬೀಗದ ಕೈಯಾದ ಆ ಹನ್ನೆರಡೋ ಇಪ್ಪತ್ನಾಲ್ಕೋ ಗುಪ್ತ ಪದಗಳು ಮನೆಯವರಿಗೆ ಸಿಗದಿದ್ದರೆ ಆ ಹಣ ಯಾವ ನ್ಯಾಯಾಲಯದ ಆದೇಶಕ್ಕೂ ಹೊರಗೆ ಬರುವುದಿಲ್ಲ.

ಎಲ್ಲವೂ ವಾರಸುದಾರರಿಗೆ ಹೋಗಲೇಬೇಕು ಎಂಬುದು ನನ್ನ ವಾದವಲ್ಲ. ಹಣಕ್ಕೂ ಫೋಟೋಗೂ ವಾರಸು ಇರಲಿ, ಸಂದೇಶಗಳ ಮಾತು ಬೇರೆ. ಸಣ್ಣ ವಯಸ್ಸಿನಲ್ಲಿ ತೀರಿಕೊಂಡ ಸೊಸೆಯ ಫೋನನ್ನು ಹೇಗಾದರೂ ತೆರೆಸಿ, ಅವಳು ತವರಿನವರಿಗೆ ಏನೇನು ಬರೆದಿದ್ದಳೆಂದು ನೋಡಬೇಕೆಂಬ ಆತುರ ತೋರುವ ಮನೆಗಳೂ ಇವೆ. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2018ರಲ್ಲಿ, ರೈಲಿಗೆ ಸಿಕ್ಕಿ ಸತ್ತ ಹದಿನೈದರ ಹುಡುಗಿಯ ಫೇಸ್‌ಬುಕ್ ಖಾತೆ, ಕಾಗದದ ಪತ್ರಗಳಂತೆಯೇ, ತಂದೆ ತಾಯಿಗೆ ವಾರಸಾಗಿ ಸೇರುತ್ತದೆ ಎಂದು ತೀರ್ಪು ಕೊಟ್ಟಿತು. ಆ ತಂದೆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಅದನ್ನೇ ನಮ್ಮಲ್ಲಿ ಸಾರ್ವತ್ರಿಕ ನಿಯಮ ಮಾಡಬಾರದು ಎಂದೇ ನನ್ನ ಅಭಿಪ್ರಾಯ. ಯಾರಿಗೆ ತೋರಿಸಬೇಕು, ಯಾವುದನ್ನು ಅಳಿಸಬೇಕು ಎಂಬ ಆಯ್ಕೆ ಸತ್ತವರದ್ದೇ ಆಗಿರಬೇಕು, ಅದನ್ನು ಅವರು ಬದುಕಿದ್ದಾಗ ಹೇಳಿಡಬೇಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 14ನೆಯ ಕಲಮು ಈ ದಿಕ್ಕಿನಲ್ಲಿದೆ. ಮರಣ ಅಥವಾ ಅಶಕ್ತತೆಯ ಸಂದರ್ಭದಲ್ಲಿ ತನ್ನ ದತ್ತಾಂಶದ ಹಕ್ಕುಗಳನ್ನು ಚಲಾಯಿಸಲು ಇನ್ನೊಬ್ಬರನ್ನು ಹೆಸರಿಸುವ ಹಕ್ಕನ್ನು ಅದು ಕೊಡುತ್ತದೆ. ದೇಹದ ದೌರ್ಬಲ್ಯವನ್ನೂ ಅಶಕ್ತತೆ ಎಂದೇ ಎಣಿಸಿರುವುದು ವಿಶೇಷ. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು, ಆದರೆ ಈ ಹಕ್ಕುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಇಟ್ಟಿದ್ದಾರೆ. ಇಷ್ಟಾದರೂ ಅದು ದತ್ತಾಂಶದ ಹಕ್ಕು ಮಾತ್ರ, ಹಣದ ಒಡೆತನವನ್ನು ಅದು ತೀರ್ಮಾನಿಸುವುದಿಲ್ಲ.

ಒಡೆತನಕ್ಕೆ ಮೃತ್ಯುಪತ್ರವೇ ಬೇಕು, ಮತ್ತು ಅದು ಕಾಗದದ ಮೇಲೆಯೇ ಇರಬೇಕು. ಫೋನಿನ ಮುಂದೆ ಕುಳಿತು ಆಸ್ತಿ ಯಾರಿಗೆಂದು ವಿಡಿಯೋ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಆಯಿತು ಎಂದು ಓದಿದವರೂ ತಿಳಿದಿದ್ದಾರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಮೃತ್ಯುಪತ್ರವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ, ಹಾಗಾಗಿ ಎಲೆಕ್ಟ್ರಾನಿಕ್ ಮೃತ್ಯುಪತ್ರಕ್ಕೆ ನಮ್ಮಲ್ಲಿ ಮಾನ್ಯತೆ ಇಲ್ಲ. ಬರೆದವರ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಬಿಳಿಹಾಳೆಯೂ ಸಾಕು. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮುಸ್ಲಿಂ ಬಾಂಧವರು ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನದನ್ನು ವಾರಸುದಾರರ ಒಪ್ಪಿಗೆ ಇಲ್ಲದೆ ಬರೆದಿಡಲಾಗುವುದಿಲ್ಲ ಎಂಬುದು ಡಿಜಿಟಲ್ ಆಸ್ತಿಗೂ ಅನ್ವಯಿಸುತ್ತದೆ. ಮೃತ್ಯುಪತ್ರದಲ್ಲಿ ಪಾಸ್‌ವರ್ಡ್, ಪಿನ್ ಬರೆಯುವಂತೆ ಕೇಳುವವರಿದ್ದಾರೆ, ನಾನು ಬರೆಯುವುದಿಲ್ಲ. ನೋಂದಣಿಯಾದ ಮೃತ್ಯುಪತ್ರದ ನಕಲನ್ನು ಬರೆದವರು ಸತ್ತ ಮೇಲೆ ಯಾರು ಬೇಕಾದರೂ ಪಡೆಯಬಹುದು. ಬರೆದಿಡಬೇಕಾದದ್ದು ಯಾದಿ: ಯಾವ ಬ್ಯಾಂಕು, ಯಾವ ವಿಮೆ, ಯುಎಎನ್ ಸಂಖ್ಯೆ, ಷೇರುಗಳ ಡಿಮ್ಯಾಟ್ ಖಾತೆ, ಯಾವ ಇಮೇಲ್, ಯಾವ ನಂಬರು ಎಲ್ಲಿಗೆ ಜೋಡಣೆಯಾಗಿದೆ ಎಂಬುದು. ಪ್ರತ್ಯೇಕ ಹಾಳೆಯಲ್ಲಿ ಬರೆದು ಲಕೋಟೆಯಲ್ಲಿಟ್ಟು, ಹೊಲದ ಕಾಗದ ಇಡುವ ಪೆಟ್ಟಿಗೆಯಲ್ಲೇ ಇಟ್ಟು, ಇಟ್ಟದ್ದನ್ನು ಒಬ್ಬರಿಗೆ ಹೇಳಿರಬೇಕು. ಖಾತೆ ಇದೆ ಎಂಬುದು ಗೊತ್ತಾದರೆ ಹಣ ಪಡೆಯಲು ಕಾನೂನಿನ ದಾರಿ ಇದೆ, ಪಿನ್ ಬೇಕಾಗುವುದಿಲ್ಲ.

ಸಣ್ಣ ವ್ಯಾಪಾರಸ್ಥರಿಗೆ ಇನ್ನೊಂದು ಮಾತು. ನೆಹರು ಗಂಜಿನ ಅಡತಿ ಇರಲಿ, ಬೀದರಿನಲ್ಲಿ ಇನ್‌ಸ್ಟಾಗ್ರಾಂ ಮೂಲಕ ಬಿದ್ರಿ ಸಾಮಾನು ಮಾರುವ ಕುಶಲಕರ್ಮಿ ಇರಲಿ, ಸ್ಪರ್ಧಾತ್ಮಕ ಪರೀಕ್ಷೆಯ ಪಾಠ ಹೇಳುವ ಯೂಟ್ಯೂಬ್ ಶಿಕ್ಷಕ ಇರಲಿ, ಇವರ ಗಿರಾಕಿ ಬಳಗವೇ ಇವರ ಆಸ್ತಿ. ಫೇಸ್‌ಬುಕ್ ಪುಟಕ್ಕೆ, ಯೂಟ್ಯೂಬ್ ಚಾನೆಲ್ಲಿಗೆ ಇನ್ನೊಬ್ಬರನ್ನು ನಿರ್ವಾಹಕರಾಗಿ ಸೇರಿಸಿಕೊಳ್ಳಲು ಅವಕಾಶವಿದೆ, ಇಂದೇ ಸೇರಿಸಬಹುದು. ಏಕಮಾಲೀಕತ್ವದ ಅಂಗಡಿಯ ಜಿಎಸ್‌ಟಿ ಲಾಗಿನ್‌ಗೆ ಬರುವ ಓಟಿಪಿಯೂ ಮಾಲೀಕರ ಫೋನಿಗೇ ಬರುತ್ತದೆ. ಮಾಲೀಕರು ತೀರಿಕೊಂಡು ವಾರಸುದಾರರು ವ್ಯಾಪಾರ ಮುಂದುವರಿಸುವುದಾದರೆ ಅವರು ಹೊಸ ನೋಂದಣಿ ಪಡೆದು, ಹಳೆಯ ಖಾತೆಯಲ್ಲಿ ಉಳಿದ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯಲ್ಲಿ ವರ್ಗಾಯಿಸಿಕೊಳ್ಳಬೇಕು. ಮೃತರ ಕೊನೆಯ ಆದಾಯ ತೆರಿಗೆ ವಿವರವನ್ನು ಸಲ್ಲಿಸುವ ಹೊಣೆಯೂ ವಾರಸುದಾರರದ್ದೇ.

ಇನ್ನು ಸರ್ಕಾರಕ್ಕೆ ನನ್ನ ಕೋರಿಕೆ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕೆಂಬುದು ಕಾನೂನು, ಅದರ ಪ್ರಮಾಣಪತ್ರಕ್ಕೆ ಮನೆಯವರು ಬರಲೇಬೇಕಾಗುತ್ತದೆ. ಮಹಾನಗರ ಪಾಲಿಕೆಯಲ್ಲಾಗಲಿ, ಹಳ್ಳಿಯ ನೋಂದಣಿ ಕಚೇರಿಯಲ್ಲಾಗಲಿ, ಗ್ರಾಮ ಒನ್ ಕೇಂದ್ರದಲ್ಲಾಗಲಿ ಪ್ರಮಾಣಪತ್ರ ಕೊಡುವ ಕೈಯಲ್ಲೇ ಒಂದು ಹಾಳೆಯನ್ನೂ ಪಿನ್ ಮಾಡಿ ಕೊಡಲಿ. ಸಿಮ್ ಎಸೆಯಬೇಡಿ, ರೀಚಾರ್ಜ್ ನಿಲ್ಲಿಸಬೇಡಿ, ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ ಎಂಬುದು ಅದರ ಮೊದಲ ಸಾಲಾಗಿರಲಿ. ಉಳಿದವರ ಬ್ಯಾಂಕ್ ಖಾತೆಗಳಿಗೆ ಬೇರೆ ನಂಬರು ಜೋಡಿಸುವುದು, ಮರಣದ ನಂತರ ಮೃತರ ಪಿನ್ ಬಳಸದಿರುವುದು, ಪಾಸ್‌ಬುಕ್‌ನಲ್ಲಿ ವಿಮೆಯ ಕಡಿತ ಹುಡುಕುವುದು, ಭವಿಷ್ಯನಿಧಿ ಇದೆಯೇ ಎಂದು ಕೊನೆಯ ಮಾಲೀಕರನ್ನು ಕೇಳುವುದು, ಮೃತರ ಆಧಾರ್ ವಿಷಯವನ್ನು ಮೈಆಧಾರ್ ಜಾಲತಾಣದಲ್ಲಿ ತಿಳಿಸುವುದು ಆಮೇಲೆ ಬರಲಿ. ಇದಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಖರ್ಚೂ ಇಲ್ಲ. ಕಾಯ್ದೆ ಬೇಕಾಗಿರುವುದು ಅಶಕ್ತರ ವಿಷಯದಲ್ಲಿ: ಕೋಮಾದಲ್ಲಿರುವವರ ಸಣ್ಣ ಮೊತ್ತದ ಖಾತೆಗಳಿಗೆ ಜಿಲ್ಲಾ ನ್ಯಾಯಾಲಯದ ಮಟ್ಟದಲ್ಲೇ, ನಿಗದಿತ ದಿನಗಳ ಒಳಗೆ ಪಾಲಕರನ್ನು ನೇಮಿಸುವಂತೆ ಆಗಬೇಕು, ನಮ್ಮ ಭಾಗದ ಸಂಸದರು ಇದನ್ನು ಸಂಸತ್ತಿನಲ್ಲಿ ಎತ್ತಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಹಳ್ಳಿಗಳಲ್ಲಿ ನಡೆಸುವ ಕಾನೂನು ಅರಿವು ಶಿಬಿರಗಳಲ್ಲಿ ಒಂದು ಗಂಟೆಯನ್ನು, ಗುಳೆ ಹೋಗುವ ಹಂಗಾಮಿಗೆ ಮುಂಚೆ, ಈ ವಿಷಯಕ್ಕೆ ಮೀಸಲಿಡಬಹುದು. ಆ ಹಾಳೆ ಕನ್ನಡದ ಜೊತೆಗೆ ಉರ್ದುವಿನಲ್ಲಿಯೂ, ಬೀದರ್ ಗಡಿಯ ತಾಲೂಕುಗಳಿಗೆ ಮರಾಠಿಯಲ್ಲಿಯೂ ಅಚ್ಚಾಗಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪತ್ರ ಬರಹಗಾರ, ಕಲಬುರಗಿ